ಮೂರು ತಿಂಗಳು ತುಂಬುವ ಮೊದಲೇ ಬಿಪಿ ನೋಡಿಸಿ

ನಾನು ಜಮಖಂಡಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನರ್ಸ್. ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸುರಿ ಅಂತ ಹೊರಗೆ ಬಾಯಿ ಬಿಡುವುದಿಲ್ಲ, ದೃಷ್ಟಿ ತಾಗುತ್ತದೆ ಅನ್ನುತ್ತಾರೆ. ಊರಿಗೆ ಹೇಳದಿದ್ದರೂ ಪರವಾಗಿಲ್ಲ. ಆಶಾ ಕಾರ್ಯಕರ್ತೆಗೆ ಮಾತ್ರ ಹೇಳಿ, ತಾಯಿ ಕಾರ್ಡ್ ಮಾಡಿಸಿ, ಬಿಪಿ ಬರೆಸಿ.

ಯಾಕಂದ್ರೆ ಐದನೇ ತಿಂಗಳ ಹೊತ್ತಿಗೆ ಬಿಪಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಮೊದಲಿನಿಂದ ಬಿಪಿ ಇದ್ದವಳೂ ಆಗ ಬಂದರೆ ಸರಿಯಾಗೇ ಕಾಣುತ್ತಾಳೆ. ಏಳರಲ್ಲಿ ಏರಿದಾಗ ಅದು ಹಳೆಯದೋ ಹೊಸದೋ ಅಂತ ಹೇಳುವುದು ಕಷ್ಟ.

ನೋಡಿಸುವ ರೀತಿಯೂ ಮುಖ್ಯ. ಕಬ್ಬಿನ ಹೊಲದಿಂದ ಅವಸರದಲ್ಲಿ ಬಂದು ಕೂತ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ. ಚಹಾ ಕುಡಿದು ಅರ್ಧ ಗಂಟೆ ಆಗಿರಲಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕೂತ್ಕೊಳ್ಳಿ. ಕೈ ಎದೆಯ ಮಟ್ಟಕ್ಕಿರಲಿ, ಕುಪ್ಪಸದ ಬಿಗಿ ತೋಳಿನ ಮೇಲೆ ಪಟ್ಟಿ ಸುತ್ತಿಸಬೇಡಿ. ಮೊದಲ ಸಲ ಎರಡೂ ಕೈಯಲ್ಲಿ ನೋಡಲು ಕೇಳಿ. ಕೇಳಿದರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ನೆ ಇರಬೇಡಿ.

ಹಿಂದಿನ ಬಸುರಿನಲ್ಲಿ ಬಿಪಿ ಏರಿತ್ತಾ? ಮೊದಲೇ ಬಿಪಿ, ಸಕ್ಕರೆ, ಕಿಡ್ನಿ ತೊಂದರೆ ಇದೆಯಾ? ಅವಳಿ ಕೂಸಾ? ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ಹೇಳಿ. ಚೊಚ್ಚಲು, ತುಂಬಾ ದಪ್ಪ ಮೈ, ವಯಸ್ಸು 35 ದಾಟಿದ್ದು, ತಾಯಿಗೋ ಅಕ್ಕತಂಗಿಗೋ ಬಸುರಿನಲ್ಲಿ ಬಿಪಿ ಏರಿದ್ದು, ಇವೂ ಲೆಕ್ಕಕ್ಕೆ ಬರುತ್ತವೆ. ತಾಯಿಯ ಬಾಣಂತನದ ಕಥೆ ಅತ್ತೆಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ? ತವರಿಗೆ ಫೋನ್ ಮಾಡಿ ಕೇಳಿಕೊಂಡೇ ಬನ್ನಿ.

11ರಿಂದ 14ನೇ ವಾರದೊಳಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶಕ್ಕೆ ಹೋಗುವ ರಕ್ತದ ಹರಿವನ್ನೂ ಡಾಪ್ಲರ್‌ನಿಂದ ಅಳೆಯಬಹುದು. ಆ ಸೌಲಭ್ಯ ಎಲ್ಲ ಕಡೆ ಇಲ್ಲ. ಇಲ್ಲದಿದ್ದರೂ ಬಿಪಿ ಮತ್ತು ಈ ಪ್ರಶ್ನೆಗಳಿಂದ ತುಂಬಾ ತಿಳಿಯುತ್ತದೆ. ಬಸುರಿನಲ್ಲಿ ಬಿಪಿ ಏರುವ ಅಪಾಯ ಹೆಚ್ಚಿದ್ದವರಿಗೆ ಡಾಕ್ಟರು ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆಯುತ್ತಾರೆ. ಅದನ್ನು 16ನೇ ವಾರಕ್ಕೆ ಮೊದಲೇ ಶುರು ಮಾಡಿದರೆ ಲಾಭ ಹೆಚ್ಚು. 2017ರಲ್ಲಿ ಹೊರಬಂದ ಆಸ್ಪ್ರೆ ಅಧ್ಯಯನದಲ್ಲಿ ರಾತ್ರಿ 150 ಮಿಲಿಗ್ರಾಂ ತಗೊಂಡವರಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಬಿಪಿ ಕಾಯಿಲೆ ಸುಮಾರು 62% ಕಡಿಮೆಯಾಗಿತ್ತು. ಗುಟ್ಟು ಕಾಯುತ್ತಾ ಕೂತರೆ ಈ ಅವಕಾಶವೇ ಕೈಬಿಟ್ಟು ಹೋಗುತ್ತದೆ. ಆದರೆ ಔಷಧ ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ಆಮೇಲೆ ಪ್ರತಿ ಭೇಟಿಯಲ್ಲೂ ಬಿಪಿ, ಮೂತ್ರದ ಪ್ರೋಟೀನ್ ನೋಡಿಸಿ. ನಾಲ್ಕನೇ ತಿಂಗಳಿಂದ, ಪ್ರತಿ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಕುಬಸ ಮುಗಿಸಿ ತವರಿಗೆ ಹೊರಡುವಾಗ ಸೀರೆ ಗಂಟಿಗಿಂತ ಮೊದಲು ತಾಯಿ ಕಾರ್ಡ್ ಇಟ್ಟುಕೊಳ್ಳಿ.

140/90 ಮುಟ್ಟಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. 160/110 ಆದರೆ, ಇಲ್ಲವೇ ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ಒಮ್ಮೆಲೇ ಬಾತುಕೊಂಡರೆ 108ಕ್ಕೆ ಕರೆ ಮಾಡಿ. ಹೆರಿಗೆಯಾದ ಮೇಲೂ ಹೀಗಾಗಬಹುದು. ಬಾಣಂತಿಗೆ ತಲೆ ನೋಯುತ್ತಿದ್ದರೆ ಥಂಡಿ ಅಂತ ಬಟ್ಟೆ ಕಟ್ಟಿ ಮಲಗಿಸಬೇಡಿ, ಮೊದಲು ಬಿಪಿ ನೋಡಿಸಿ.