ಪರದೆಯ ಮೇಲಿನ ಬರಹವನ್ನು ತಿದ್ದುವ ಬಗೆ

ಬರೆದು ಮುಗಿಸಿದ ಕೂಡಲೇ ಕಾಗುಣಿತ ತಿದ್ದಲು ಕೂತರೆ ಕೆಲಸ ಎರಡು ಪಟ್ಟಾಗುತ್ತದೆ. ಅಷ್ಟು ಹೊತ್ತು ಒತ್ತಕ್ಷರ ಸರಿಮಾಡಿದ ಪ್ಯಾರಾವನ್ನೇ ಆಮೇಲೆ ಕಿತ್ತುಹಾಕಬೇಕಾಗುತ್ತದೆ. ಇಲ್ಲವೇ ಪಟ್ಟ ಶ್ರಮಕ್ಕೆ ಮರುಗಿ, ಬೇಡದ ಪ್ಯಾರಾವನ್ನು ಹಾಗೇ ಉಳಿಸಿಕೊಳ್ಳುತ್ತೀರಿ. ತಿದ್ದುವುದನ್ನು ಮೂರು ಸುತ್ತು ಮಾಡಿ: ಮೊದಲು ಕಡಿತ, ಆಮೇಲೆ ವಾಕ್ಯ, ಕೊನೆಗೆ ಅಕ್ಷರ. ನಡುವೆ ಒಂದು ರಾತ್ರಿಯ ಬಿಡುವು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬರಹವನ್ನು ಫೋನಿಗೆ ಕಳಿಸಿಕೊಂಡು ಅಲ್ಲಿ ಓದಿ. ಸಾಲು ಮುರಿಯುವ ಜಾಗ ಬದಲಾದರೂ ಸಾಕು, ಕಣ್ಣಿಗೆ ತಪ್ಪು ಬೀಳತೊಡಗುತ್ತದೆ.

ಕಡಿತ

ಓದುವವರು ಯಾವ ಪ್ರಶ್ನೆ ಹಿಡಿದು ಬಂದಿದ್ದಾರೆ ಎಂಬುದನ್ನು ಬೇರೆ ಹಾಳೆಯಲ್ಲಿ ಒಂದೇ ವಾಕ್ಯವಾಗಿ ಬರೆದುಕೊಳ್ಳಿ. ಅದರ ಉತ್ತರ ನಿಮ್ಮ ಕರಡಿನಲ್ಲಿ ಎಲ್ಲಿದೆ ಹುಡುಕಿ. ಸಾಮಾನ್ಯವಾಗಿ ಮೂರನೆಯ ಪ್ಯಾರಾದಲ್ಲಿ ಇರುತ್ತದೆ. ಅದನ್ನು ಮೇಲಕ್ಕೆ ತಂದು, ‘ಇಂದಿನ ದಿನಮಾನಗಳಲ್ಲಿ’, ‘ನಮಗೆಲ್ಲ ತಿಳಿದಿರುವಂತೆ’ ಎಂದು ಶುರುವಾಗುವ ಪೀಠಿಕೆಯನ್ನು ಅಳಿಸಿ. ವೆಬ್ ಪುಟವನ್ನು ಜನ ಹೇಗೆ ಓದುತ್ತಾರೆ ಎಂದು ವೆಬ್ ಬಳಕೆಯ ಸಂಶೋಧಕ ಯಾಕೋಬ್ ನೀಲ್ಸನ್ 1997ರಲ್ಲೇ ಬರೆದಿದ್ದರು: ಪರೀಕ್ಷೆಗೆ ಕೂತವರಲ್ಲಿ ಶೇ 79 ಮಂದಿ ಹೊಸ ಪುಟದ ಮೇಲೆ ಬರೀ ಕಣ್ಣಾಡಿಸಿದರು, ಒಂದೊಂದೇ ಪದ ಓದಿದವರು ಶೇ 16 ಮಾತ್ರ. ಹೀಗೆ ಕಣ್ಣಾಡಿಸುವವರಿಗೆ ಪೀಠಿಕೆ ಬರೀ ಅಡ್ಡಿ.

800 ಪದದ ಕರಡನ್ನು 600ಕ್ಕೆ ಇಳಿಸುವ ಗುರಿ ಇಟ್ಟುಕೊಳ್ಳಿ. ಆದರೆ ಅಂಕಿ, ಷರತ್ತು, ಎಚ್ಚರಿಕೆ, ಉದಾಹರಣೆಗಳಿಗೆ ಕತ್ತರಿ ಹಾಕಬೇಡಿ. ಉದಾಹರಣೆ ತೆಗೆದು ಉಪದೇಶ ಉಳಿಸುವುದು ಹೊಸ ಸಂಪಾದಕರ ಚಾಳಿ.

ವಾಕ್ಯ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವತನಕ ಓದುವವರು ಮೊದಲಿನದೆಲ್ಲವನ್ನೂ ತಲೆಯಲ್ಲಿ ಹೊತ್ತಿರಬೇಕು. ‘ಸಲ್ಲಿಸಿದ’, ‘ಕಳುಹಿಸಲಾಗುವ’, ‘ನಮೂದಿಸದ’ ಎಂದು ಒಂದರ ಮೇಲೊಂದು ಪೇರಿಸಿದರೆ ಸಣ್ಣ ಪರದೆಯಲ್ಲಿ ದಾರಿ ತಪ್ಪುತ್ತದೆ. ಇದನ್ನು ನೋಡಿ:

“ಅರ್ಜಿಯನ್ನು ಸಲ್ಲಿಸಿದ ನಂತರ ನಿಮ್ಮ ಮೊಬೈಲ್‌ಗೆ ಕಳುಹಿಸಲಾಗುವ ಆರು ಅಂಕಿಗಳ ಸಂಖ್ಯೆಯನ್ನು ಹತ್ತು ನಿಮಿಷಗಳ ಒಳಗಾಗಿ ನಮೂದಿಸದೇ ಹೋದಲ್ಲಿ ಅರ್ಜಿಯು ರದ್ದುಗೊಳಿಸಲ್ಪಡುತ್ತದೆ.”

ತಿದ್ದಿದ ಮೇಲೆ:

“ಅರ್ಜಿ ಸಲ್ಲಿಸಿದ ಮೇಲೆ ನಿಮ್ಮ ಮೊಬೈಲಿಗೆ ಆರು ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ಹತ್ತು ನಿಮಿಷದೊಳಗೆ ತುಂಬಿ. ತಡವಾದರೆ ಅರ್ಜಿ ರದ್ದಾಗುತ್ತದೆ.”

ಮಾಹಿತಿ ಒಂದೂ ಕಳೆದಿಲ್ಲ, ‘ಲ್ಪಡು’ ಹೋಗಿದೆ, ಯಾರು ಏನು ಮಾಡಬೇಕು ಎಂಬುದು ಎದ್ದು ಕಾಣುತ್ತದೆ. ‘ಪರಿಶೀಲನೆಯನ್ನು ಮಾಡಿ’ ಎಂದಿದ್ದರೆ ‘ಪರಿಶೀಲಿಸಿ’, ಆದೀತೆಂದರೆ ‘ನೋಡಿ’. ಹಾಗೆಂದು ಪುಟದ ತುಂಬ ಮೂರು ಪದದ ವಾಕ್ಯಗಳೇ ಆದರೆ ಅದು ಕವಾಯತಿನ ಆದೇಶದಂತೆ ಕೇಳುತ್ತದೆ. ಗಟ್ಟಿಯಾಗಿ ಓದಿ. ಉಸಿರು ಕಟ್ಟಿದಲ್ಲಿ ಮುರಿಯಿರಿ, ಕುಂಟಿದಲ್ಲಿ ಜೋಡಿಸಿ.

ಲಿಂಕಿಗೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯಬೇಡಿ. ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಲಿಂಕುಗಳನ್ನಷ್ಟೇ ಪಟ್ಟಿಯಾಗಿ ಕೇಳಿಸಿಕೊಳ್ಳುವುದುಂಟು. ಆಗ ಅವರಿಗೆ ಹತ್ತು ಸಲ ‘ಇಲ್ಲಿ’ ಎಂದೇ ಕೇಳುತ್ತದೆ. ಶೀರ್ಷಿಕೆಯಲ್ಲಿ ಮುಖ್ಯ ಪದ ಮುಂದಿರಲಿ, ಹುಡುಕಾಟದ ಫಲಿತಾಂಶದಲ್ಲಿ ಬಾಲ ಕತ್ತರಿಸಿಹೋಗುತ್ತದೆ.

ಅಕ್ಷರ

ಕಣ್ಣಿಗೆ ಕಾಣದ ತಪ್ಪುಗಳೇ ಇಲ್ಲಿ ಹೆಚ್ಚು ಕಾಡುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ (೦) ಒತ್ತಿದರೆ ನೋಡಲು ವ್ಯತ್ಯಾಸವೇ ತಿಳಿಯದು. ಆದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪಟ್ಟಿಯಲ್ಲಿ ಅವು ಬೇರೆ ಬೇರೆ ಸಂಕೇತಗಳು. ಹುಡುಕಿದವರಿಗೆ ಆ ಪದ ಸಿಗುವುದಿಲ್ಲ. ಫೈಂಡ್ ಪೆಟ್ಟಿಗೆಯಲ್ಲಿ ೦ ಹಾಕಿ, ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ನೋಡಿ. ಒಟ್ಟಿಗೇ ಬದಲಿಸಲು ಹೋದರೆ ನಿಜವಾದ ಸೊನ್ನೆಗಳೂ ಕೆಡುತ್ತವೆ.

‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿದ್ದರೆ ನಡುವಿನ ಶೂನ್ಯ ಅಗಲದ ವಿಭಜಕ (ZWNJ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಬಿಟ್ಟುಹೋಗಿದೆ. ಅದರ ಬದಲು ಖಾಲಿ ಜಾಗ ಬಿಟ್ಟರೆ ಪದ ಸಾಲಿನ ಕೊನೆಯಲ್ಲಿ ಎರಡು ತುಂಡಾಗಬಹುದು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನ ಕಡತದಿಂದ ನಕಲು ಮಾಡಿದ ಪಠ್ಯವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಬಹುದು, ಹಾಗಾಗಿ ಮತ್ತೊಮ್ಮೆ ಓದಲೇಬೇಕು. ಹೆಸರುಗಳ ಕಾಗುಣಿತ ಲೇಖನದುದ್ದಕ್ಕೂ ಒಂದೇ ಇರಲಿ.

ಪ್ರಕಟಿಸುವ ಮುನ್ನ ಪ್ರತಿ ಲಿಂಕನ್ನೂ ಒತ್ತಿ ನೋಡಿ, ಪ್ರತಿ ಅಂಕಿಯನ್ನೂ ಮೂಲದೊಂದಿಗೆ ಹೋಲಿಸಿ. ಪ್ರಕಟವಾದ ಮೇಲೆ ಕಾಗುಣಿತದ ತಪ್ಪು ಸಿಕ್ಕರೆ ಸದ್ದಿಲ್ಲದೆ ತಿದ್ದಿದರಾಯಿತು. ತಪ್ಪಿದ್ದು ಅಂಕಿಯೋ ಹೆಸರೋ ಆಗಿದ್ದರೆ, ಏನಿತ್ತು, ಏನಾಯಿತು ಎಂದು ತಾರೀಕಿನೊಂದಿಗೆ ಪುಟದಲ್ಲೇ ಬರೆಯಿರಿ.