404 ಅಂದ್ರೆ ಪ್ಯಾಕೇಜ್ ಇಲ್ಲ ಅಂತಲ್ಲ

ಹೊಸದಾಗಿ ಸೇರಿದ ಹಾಸನದ ಹುಡುಗ ಸೋಮವಾರ ಮಧ್ಯಾಹ್ನ ಊಟಕ್ಕೂ ಏಳದೆ ಕೂತಿದ್ದ. ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಹೊಸಬರಿಗೆ ಮೊದಲ ದಿನ ಇರುವುದು ಒಂದೇ ಕೆಲಸ. ಕೋಡ್ ಇಳಿಸಿಕೊಂಡು, ಅದಕ್ಕೆ ಬೇಕಾದ ಪ್ಯಾಕೇಜುಗಳನ್ನು (ಸಿದ್ಧ ಕೋಡಿನ ಕಟ್ಟುಗಳನ್ನು) ತರುವ ಎನ್‌ಪಿಎಂ ಇನ್‌ಸ್ಟಾಲ್ ಕಮಾಂಡ್ ಕೊಟ್ಟು, ಆ್ಯಪ್ ಓಡಿಸಿ ನೋಡುವುದು. ಅವನಿಗೆ ಅದೇ ಆಗುತ್ತಿರಲಿಲ್ಲ.

"ಮೇಡಂ, ನಮ್ಮ ಲೈಬ್ರರಿನೇ ಇಲ್ಲ ಅಂತಿದೆ. 404 ಬರ್ತಿದೆ. ಸ್ಪೆಲಿಂಗ್ ಹತ್ತು ಸಲ ನೋಡಿದೆ, ಸರಿಯಾಗೇ ಇದೆ" ಅಂದ.

ಸ್ಪೆಲಿಂಗ್ ಸರಿಯಾಗೇ ಇತ್ತು. ಪ್ಯಾಕೇಜೂ ಇತ್ತು, ಪಕ್ಕದಲ್ಲೇ ನನ್ನ ಲ್ಯಾಪ್‌ಟಾಪಿಗೆ ಬೆಳಿಗ್ಗೆ ಇಳಿದಿತ್ತು. ನೀವು ಯಾರು ಅಂತ ಗೊತ್ತಾಗದಿದ್ದರೆ ಕೆಲವು ಖಾಸಗಿ ರಿಜಿಸ್ಟ್ರಿಗಳು, ಅಂದರೆ ಪ್ಯಾಕೇಜುಗಳನ್ನು ಇಟ್ಟಿರುವ ಉಗ್ರಾಣಗಳು, 'ಮೊದಲು ಲಾಗಿನ್ ಆಗಿ' ಅನ್ನುವ 401 ಕೊಡುವುದಿಲ್ಲ, 'ಅಂಥದ್ದು ಇಲ್ಲ' ಅನ್ನುವ 404 ಕೊಡುತ್ತವೆ. ಒಳಗೆ ಇಂಥ ಪ್ಯಾಕೇಜ್ ಇದೆ ಅನ್ನುವುದೂ ಹೊರಗಿನವರಿಗೆ ತಿಳಿಯಬಾರದು ಅಂತ ಹಾಗೆ ಮಾಡಿರುತ್ತಾರೆ. ಹಾಗಾಗಿ ಖಾಸಗಿ ಪ್ಯಾಕೇಜಿಗೆ 404 ಬಂದರೆ ನಾನು ಮೊದಲು ನೋಡುವುದು ಲಾಗಿನ್, ಹೆಸರು ಆಮೇಲೆ.

"ಸೆಟ್ಟಿಂಗ್ ಫೈಲಿನಲ್ಲಿರೋ ನಮ್ಮ ರಿಜಿಸ್ಟ್ರಿ ಸಾಲು ತೆಗೆದುಬಿಟ್ರೆ ಎಲ್ಲರಿಗೂ ತೆರೆದಿರೋ ಪಬ್ಲಿಕ್ ರಿಜಿಸ್ಟ್ರಿಯಿಂದ ಬರಲ್ವಾ?" ಅಂತ ಕೇಳಿದ. ಇದಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಬೇಡ ಅಂದೆ. ಅಲೆಕ್ಸ್ ಬಿರ್ಸನ್ ಅನ್ನುವ ಭದ್ರತಾ ಸಂಶೋಧಕ 2021ರ ಫೆಬ್ರವರಿಯಲ್ಲಿ ಬರೆದದ್ದನ್ನು ಅವನಿಗೆ ಹೇಳಿದೆ. ಕಂಪನಿಗಳ ಒಳಗಿನ ಪ್ಯಾಕೇಜುಗಳ ಹೆಸರನ್ನೇ ಇಟ್ಟು ಅವರು ಪಬ್ಲಿಕ್ ರಿಜಿಸ್ಟ್ರಿಗೆ ತಮ್ಮ ಪ್ಯಾಕೇಜ್ ಹಾಕಿದ್ದರು. 35ಕ್ಕೂ ಹೆಚ್ಚು ಸಂಸ್ಥೆಗಳ ಒಳಗೆ ಅವರ ಕೋಡ್ ಓಡಿತ್ತು. ಅವರು ಹಾನಿ ಮಾಡಲಿಲ್ಲ. ಬೇರೆಯವರು ಮಾಡದೇ ಬಿಡುತ್ತಾರಾ? ಆ ಒಂದು ಸಾಲು ನಮ್ಮ ಮನೆ ಬಾಗಿಲ ಚಿಲಕ ಇದ್ದ ಹಾಗೆ.

ಪಕ್ಕದ ಸೀಟಿನವರು "ನನ್ನ ಟೋಕನ್ ಕೊಡ್ತೀನಿ, ಹಾಕ್ಕೊಳಪ್ಪ" ಅಂದರು. ಅದಕ್ಕೂ ಬೇಡ ಅಂದೆ. ಟೋಕನ್ ಅಂದರೆ ನಾವು ಯಾರು ಅಂತ ರಿಜಿಸ್ಟ್ರಿಗೆ ತೋರಿಸುವ, ಪಾಸ್‌ವರ್ಡ್ ಥರದ ಗುಟ್ಟಿನ ಬರಹ. ಅವರದ್ದು ಹಾಕಿದರೆ ಇವತ್ತಿನ ಕೆಲಸ ಆಗುತ್ತೆ ನಿಜ. ಆದರೆ ಕಾರಣ ಗೊತ್ತಾಗುವುದಿಲ್ಲ, ಆ ಟೋಕನ್ ಯಾವುದೋ ಫೈಲಿನಲ್ಲಿ ಕೂತು ಒಂದು ದಿನ ಗಿಟ್‌ಗೆ, ಅಂದರೆ ಎಲ್ಲರೂ ಹಂಚಿಕೊಳ್ಳುವ ಕೋಡ್ ಸಂಗ್ರಹಕ್ಕೆ, ಹೋಗಿಬಿಡುತ್ತೆ.

"ಎನ್‌ಪಿಎಂ ಕಾನ್ಫಿಗ್ ಲಿಸ್ಟ್ ಕೊಡು" ಅಂದೆ. ಯಾವ ಸೆಟ್ಟಿಂಗ್ ಯಾವ ಫೈಲಿನಿಂದ ಬಂತು ಅಂತ ಇದು ಫೈಲಿನ ವಿಳಾಸದ ಸಮೇತ ತೋರಿಸುತ್ತದೆ. ಟೋಕನ್ ಇರುವ ಕಡೆ ಬರೀ 'ಪ್ರೊಟೆಕ್ಟೆಡ್' ಅಂತ ಬರುತ್ತದೆ, ಆದ್ದರಿಂದ ಪಕ್ಕದಲ್ಲಿ ಯಾರಿದ್ದರೂ ಚಿಂತೆಯಿಲ್ಲ. ಅಲ್ಲಿ ಎರಡು ಫೈಲ್ ಕಂಡವು. ಹೋಮ್ ಫೋಲ್ಡರಿನಲ್ಲಿ ಒಂದು ಎನ್‌ಪಿಎಂಆರ್‌ಸಿ (ಎನ್‌ಪಿಎಂನ ಸೆಟ್ಟಿಂಗ್ ಫೈಲ್), ಪ್ರಾಜೆಕ್ಟ್ ಫೋಲ್ಡರಿನಲ್ಲಿ ಇನ್ನೊಂದು. ಒಂದೇ ರಿಜಿಸ್ಟ್ರಿಗೆ ಎರಡರಲ್ಲೂ ಟೋಕನ್ ಇದ್ದರೆ ನಡೆಯುವುದು ಪ್ರಾಜೆಕ್ಟಿನದ್ದು. ಅವನು ಬೆಳಿಗ್ಗೆಯಿಂದ ಸರಿಯಾದ ಟೋಕನ್ ಅಂಟಿಸುತ್ತಿದ್ದದ್ದು ಹೋಮ್ ಫೋಲ್ಡರಿನದ್ದಕ್ಕೆ.

ಪ್ರಾಜೆಕ್ಟಿನ ಫೈಲಿನಲ್ಲಿ ಟೋಕನ್ ನೇರವಾಗಿ ಇರಲಿಲ್ಲ, ಅದರ ಜಾಗದಲ್ಲಿ ಒಂದು ಎನ್ವಿರಾನ್ಮೆಂಟ್ ವೇರಿಯಬಲ್‌ನ (ಟರ್ಮಿನಲ್ ಹೆಸರಿಟ್ಟು ನೆನಪಿಟ್ಟುಕೊಳ್ಳುವ ಬರಹದ) ಹೆಸರಿತ್ತು. ಅದರೊಳಗೆ ಇರುವುದನ್ನು ತೆರೆಯ ಮೇಲೆ ತೋರಿಸಬೇಡ, ಉದ್ದ ಎಷ್ಟು ಅಂತ ಮಾತ್ರ ಕೇಳು ಅಂದೆ. ಡಾಲರ್, ಕರ್ಲಿ ಬ್ರಾಕೆಟ್, ಅದರೊಳಗೆ ಹೆಸರಿಗಿಂತ ಮೊದಲು ಒಂದು ಹ್ಯಾಶ್ ಹಾಕಿ ಎಕೋ ಕೊಟ್ಟರೆ ಅಕ್ಷರಗಳ ಎಣಿಕೆ ಬರುತ್ತದೆ. ಎಂಟರ್ ಒತ್ತಿದ. ಬಂದದ್ದು 0.

ವೇರಿಯಬಲ್ ಸಿಗದಿದ್ದರೆ ಈಗಿನ ಎನ್‌ಪಿಎಂ ನಿಲ್ಲುವುದಿಲ್ಲ, ಆ ಡಾಲರ್ ಬ್ರಾಕೆಟ್ ಸಮೇತದ ಬರಹವನ್ನೇ ಟೋಕನ್ ಅಂತ ಕಳಿಸಿಬಿಡುತ್ತದೆ. ಪಾಪ, ರಿಜಿಸ್ಟ್ರಿಯ ಸರ್ವರ್‌ಗೆ ಅದರಿಂದ ಏನು ತಿಳಿಯಬೇಕು?

ಆ ವೇರಿಯಬಲ್‌ಗೆ ಟೋಕನ್ ತುಂಬುವ ಎಕ್ಸ್‌ಪೋರ್ಟ್ ಸಾಲನ್ನು ಅವನು ಬ್ಯಾಶ್‌ಆರ್‌ಸಿ ಫೈಲಿಗೆ ಹಾಕಿದ್ದ. ಅದನ್ನು ಓದುವುದು ಬ್ಯಾಶ್ ಅನ್ನುವ ಶೆಲ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ. ನಮ್ಮ ಸೆಟಪ್ ಪುಟದಲ್ಲಿ ಹಾಗೇ ಬರೆದಿತ್ತು. ಆದರೆ ಅವನದ್ದು ಮ್ಯಾಕ್. 2019ರ ಕ್ಯಾಟಲೀನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಡೀಫಾಲ್ಟಾಗಿ ಬರುವುದು ಝಡ್‌ಶೆಲ್, ಅದು ಆ ಫೈಲನ್ನು ಓದುವುದೇ ಇಲ್ಲ. ಆ ಪುಟ ಬರೆದದ್ದು ನಾನು, ಉಬುಂಟು ಮಷೀನಿನ ಮುಂದೆ ಕೂತು. ಒಬ್ಬ ಹುಡುಗನ ಮೊದಲ ದಿನ ಹೀಗೆ ಹೋಯಿತಲ್ಲ ಅಂತ ತುಂಬಾ ಬೇಜಾರಾಯಿತು. ಅಲ್ಲೇ ಕೂತು ತಿದ್ದಿದೆ.

ಸಾಲನ್ನು ಝಡ್‌ಶೆಲ್‌ನ ಫೈಲಿಗೆ ಹಾಕಿ, ಹೊಸ ಟರ್ಮಿನಲ್ ತೆರೆದು ಮತ್ತೆ ಓಡಿಸಿದ. ಈ ಸಲ 403. ಅವನ ಮುಖ ಇಳಿಯಿತು, ನನಗೆ ಖುಷಿಯಾಯಿತು. 403 ಅಂದರೆ ನೀನು ಯಾರು ಅಂತ ಗೊತ್ತಾಯಿತು, ಆದರೆ ನಿನಗೆ ಅನುಮತಿ ಇಲ್ಲ ಅಂತ. ಇನ್ನು ಫೈಲುಗಳಲ್ಲಿ ಹುಡುಕುವುದು ಸುಮ್ನೆ ಸಮಯ ಹಾಳು. ಅಡ್ಮಿನ್‌ಗೆ ಹೇಳಿ ಓದುವ ಅನುಮತಿ ಕೊಡಿಸಿದೆ. ಹತ್ತು ನಿಮಿಷದಲ್ಲಿ ಎಲ್ಲ ಇಳಿಯಿತು.

ಅವನನ್ನು ಊಟಕ್ಕೆ ಕಳಿಸಿ, ಅದೇ ಟೋಕನ್ ಹೆಸರು ಇನ್ನೆಲ್ಲಿ ಬಳಸಿದ್ದೇವೆ ಅಂತ ಹುಡುಕಿದೆ. ಡಾಕರ್‌ಫೈಲಿನಲ್ಲಿ, ಅಂದರೆ ಆ್ಯಪನ್ನು ಇಮೇಜ್ ಅನ್ನುವ ಒಂದೇ ಕಟ್ಟಾಗಿ ಮಾಡುವ ಹೆಜ್ಜೆಗಳ ಪಟ್ಟಿಯಲ್ಲಿ ಸಿಕ್ಕಿತು, ಬಿಲ್ಡ್ ಮಾಡುವಾಗ ಕೊಡುವ ಆರ್ಗ್ಯುಮೆಂಟ್ ಆಗಿ. ಆ ಹೆಜ್ಜೆಗಳನ್ನು ತೋರಿಸುವ ಡಾಕರ್ ಹಿಸ್ಟರಿ ಕಮಾಂಡ್ ಕೊಟ್ಟು ನೋಡಿದರೆ ಬಿಲ್ಡ್ ಸರ್ವರಿನ ಟೋಕನ್ ಪೂರ್ತಿಯಾಗಿ ಕಾಣುತ್ತಿತ್ತು. ಇಮೇಜ್ ಕೈಗೆ ಸಿಕ್ಕ ಯಾರು ಬೇಕಾದರೂ ಓದಬಹುದು. ಟೋಕನ್ ಇರುವ ಫೈಲನ್ನು ಕಾಪಿ ಮಾಡಿ ಮುಂದಿನ ಹೆಜ್ಜೆಯಲ್ಲಿ ಅಳಿಸಿದರೂ ಇದೇ ಗತಿ, ಹಿಂದಿನ ಹೆಜ್ಜೆಯ ಲೇಯರಿನಲ್ಲಿ (ಪದರದಲ್ಲಿ) ಅದು ಉಳಿದೇ ಇರುತ್ತದೆ. ಡಾಕರ್‌ನಲ್ಲಿ ಇಮೇಜ್ ಕಟ್ಟುವ ಬಿಲ್ಡ್‌ಕಿಟ್‌ನ ಸೀಕ್ರೆಟ್ ಮೌಂಟ್ ಬಳಸಿದರೆ ಆ ಒಂದು ಕಮಾಂಡ್ ಓಡುವಾಗ ಮಾತ್ರ ಫೈಲ್ ಕಾಣುತ್ತದೆ, ಇಮೇಜಿಗೆ ಸೇರುವುದಿಲ್ಲ. ಹಾಗೆ ಬದಲಾಯಿಸಿದೆ. ಹಳೆ ಟೋಕನ್ ರದ್ದು ಮಾಡಿ, ಓದುವ ಅನುಮತಿ ಮಾತ್ರ ಇರುವ ಹೊಸದನ್ನು ಹಾಕಿ, ಬಿಲ್ಡ್ ಹಸಿರಾಗುವುದನ್ನು ನೋಡಿಕೊಂಡು ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ.