ಲೇಖಕರಿಗಾಗಿ ಒಂದು ಮ್ಯಾಕ್ರೊ: ಲಾಟೆಕ್‌ನಲ್ಲಿ ‘ಟರ್ಮ್’ ಆಜ್ಞೆಯನ್ನು ಕಟ್ಟಿದ ಬಗೆ

ಹಲವರು ಸೇರಿ ಬರೆಯುವ ತಾಂತ್ರಿಕ ಗ್ರಂಥಗಳನ್ನು ಲಾಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿ ಅಚ್ಚಿಗೆ ಸಿದ್ಧಪಡಿಸುವಾಗ ನನ್ನನ್ನು ಹೆಚ್ಚು ಕಾಡಿದ್ದು ಸೂತ್ರಗಳಲ್ಲ, ಪಾರಿಭಾಷಿಕ ಪದಗಳು. ಹೊಸ ಪದವನ್ನು ಒಬ್ಬರು ಓರೆ ಅಕ್ಷರದಲ್ಲಿಟ್ಟರೆ ಇನ್ನೊಬ್ಬರು ದಪ್ಪ ಅಕ್ಷರದಲ್ಲಿಡುತ್ತಿದ್ದರು. ಪದಸೂಚಿಗೆ ಸೇರಿಸುವುದನ್ನಂತೂ ಬಹುತೇಕ ಎಲ್ಲರೂ ಮರೆಯುತ್ತಿದ್ದರು. ಇದು ಪಾರಿಭಾಷಿಕ ಪದ ಎಂದಷ್ಟೇ ಲೇಖಕರು ಹೇಳಲಿ, ಅದು ಹೇಗೆ ಕಾಣಬೇಕು, ಎಲ್ಲಿ ದಾಖಲಾಗಬೇಕು ಎಂಬುದನ್ನು ಪ್ಯಾಕೇಜ್ (ಲಾಟೆಕ್‌ಗೆ ಹೊಸ ಆಜ್ಞೆಗಳನ್ನು ಸೇರಿಸುವ ಕಡತ) ನೋಡಿಕೊಳ್ಳಲಿ ಎಂದು ‘ಟರ್ಮ್’ ಎಂಬ ಆಜ್ಞೆಯೊಂದನ್ನು, ಅಂದರೆ ಮ್ಯಾಕ್ರೊವನ್ನು, ರೂಪಿಸಿದೆ. ಪುಷ್ಪಾವರಣದೊಳಗೆ ಪದವನ್ನು ಬರೆದರೆ ಸಾಕು. ಪದಸೂಚಿಯಲ್ಲಿ ಬೇರೆ ರೂಪ ಬೇಕಿದ್ದರೆ ಅದನ್ನು ಮುಂಚೆ ಚೌಕಾವರಣದಲ್ಲಿ ಕೊಡಬಹುದು. ಏನೂ ದಾಖಲಾಗುವುದು ಬೇಡವೆಂದರೆ ನಕ್ಷತ್ರ ಚಿಹ್ನೆ ಹಾಕಬಹುದು.

ಹೊಸ ಆಜ್ಞೆಗಳನ್ನು ರಚಿಸುವ ಹಳೆಯ ‘ನ್ಯೂಕಮಾಂಡ್’ ಇದಕ್ಕೆ ಸಾಲುವುದಿಲ್ಲ. ಅದು 9 ಆರ್ಗ್ಯುಮೆಂಟ್‌ಗಳವರೆಗೆ (ಆಜ್ಞೆಗೆ ನಾವು ಒದಗಿಸುವ ಭಾಗಗಳು) ಸ್ವೀಕರಿಸುತ್ತದೆ, ಆ ಮಿತಿ ಲಾಟೆಕ್‌ಗೆ ಆಧಾರವಾದ ಟೆಕ್‌ನದೇ. ಆದರೆ ಅವುಗಳಲ್ಲಿ ಮೊದಲನೆಯದನ್ನು ಮಾತ್ರ ಐಚ್ಛಿಕವಾಗಿಸಲು ಸಾಧ್ಯ. ನಕ್ಷತ್ರದ ರೂಪ ಬೇಕಾದರೆ ‘ಇಫ್‌ಸ್ಟಾರ್’ ಎಂಬ ಒಳ ಆಜ್ಞೆಯನ್ನು ಕರೆದು, ಎರಡು ಸಹಾಯಕ ಆಜ್ಞೆಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕಾಗುತ್ತಿತ್ತು. ಎಕ್ಸ್‌ಪಾರ್ಸ್ ಪ್ಯಾಕೇಜ್‌ನಲ್ಲಿದ್ದ ‘ನ್ಯೂಡಾಕ್ಯುಮೆಂಟ್‌ಕಮಾಂಡ್’ 2020ರ ಅಕ್ಟೋಬರ್ ಬಿಡುಗಡೆಯಲ್ಲಿ ಲಾಟೆಕ್‌ನ ತಿರುಳಿಗೇ ಸೇರಿದ ಮೇಲೆ ಆ ಕಸರತ್ತು ತಪ್ಪಿತು. ‘ಎಸ್ ಓ ಎಮ್’ ಎಂಬ ಮೂರಕ್ಷರಗಳಲ್ಲಿ ನಕ್ಷತ್ರ, ಐಚ್ಛಿಕ ರೂಪ, ಕಡ್ಡಾಯ ಪದ ಮೂರನ್ನೂ ಘೋಷಿಸಿಬಿಡಬಹುದು. ಐಚ್ಛಿಕ ಭಾಗ ಬಂದಿಲ್ಲದಿರುವುದಕ್ಕೂ ಖಾಲಿಯಾಗಿ ಬಂದಿರುವುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುತ್ತದೆ ಎಂಬುದು ನನಗೆ ಅತ್ಯಂತ ಹಿಡಿಸಿದ ಗುಣ.

ಪದವು ಮೊದಲ ಬಾರಿ ಬಂದಾಗ ಮಾತ್ರ ಓರೆಯಾಗಿರಬೇಕು, ಆಮೇಲೆ ಸಾಮಾನ್ಯ ಅಕ್ಷರದಲ್ಲಿರಬೇಕು ಎಂಬುದು ನಮ್ಮ ನಿಯಮ. ಇದಕ್ಕಾಗಿ ಪ್ರತಿ ಪದದ ಹೆಸರಿನಲ್ಲಿ, ಅಕ್ಷರಗಳಿಂದ ಆಜ್ಞೆಯ ಹೆಸರನ್ನು ಕಟ್ಟುವ ‘ಸಿಎಸ್‌ನೇಮ್’ ಮೂಲಕ ಒಂದು ಗುಪ್ತ ಗುರುತನ್ನು ಸೃಷ್ಟಿಸಿ, ಅದು ಆಗಲೇ ಇದೆಯೇ ಎಂದು ಪ್ರತಿ ಬಾರಿಯೂ ಪರಿಶೀಲಿಸುತ್ತೇನೆ. ಪದದೊಳಗೆ ಲೇಖಕರು ಬೇರೊಂದು ಆಜ್ಞೆಯನ್ನು ಬಳಸಿದ್ದರೆ ಹೆಸರು ಕಟ್ಟುವ ಹಂತದಲ್ಲೇ ದೋಷ ಸಂದೇಶ ಬರುವುದರಿಂದ, ಪದವನ್ನು ‘ಡಿಟೋಕನೈಜ್’ ಮಾಡಿ ಬರಿಯ ಅಕ್ಷರಗಳ ಸರಣಿಯಾಗಿಸಿಕೊಳ್ಳಬೇಕು.

ನಿಜವಾದ ಜಿಗುಟು ಇದ್ದದ್ದು ಅಧ್ಯಾಯ ಶೀರ್ಷಿಕೆಗಳಲ್ಲಿ. ಶೀರ್ಷಿಕೆಯ ಪಠ್ಯ ಇದ್ದಲ್ಲಿಯೇ ಇರುವುದಿಲ್ಲ. ಪರಿವಿಡಿಗೆ, ಪುಟದ ನೆತ್ತಿಗೆ, ಪಿಡಿಎಫ್ ಬುಕ್‌ಮಾರ್ಕ್‌ಗೆ ಹೀಗೆ ಮೂರು ಕಡೆ ಸಾಗುತ್ತದೆ. ಪರಿವಿಡಿಯ ಕಡತಕ್ಕೆ ಬರೆಯುವಾಗ ಲಾಟೆಕ್ ‘ಇಂಡೆಕ್ಸ್’ ಆಜ್ಞೆಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುತ್ತದೆ, ಆದ್ದರಿಂದ ಲೇಖಕರು ಅದನ್ನು ನೇರವಾಗಿ ಬಳಸಿದರೆ ತೊಂದರೆಯಿಲ್ಲ. ಆದರೆ ‘ನ್ಯೂಡಾಕ್ಯುಮೆಂಟ್‌ಕಮಾಂಡ್’ ಸೃಷ್ಟಿಸುವ ಆಜ್ಞೆ ಕಡತಕ್ಕೆ ಬರೆಯುವಾಗ ಬಿಚ್ಚಿಕೊಳ್ಳದೆ, ಅಂದರೆ ತನ್ನ ವ್ಯಾಖ್ಯೆಯಾಗಿ ಬದಲಾಗದೆ, ಹಾಗೆಯೇ ಉಳಿಯುತ್ತದೆ. ಸಾಮಾನ್ಯವಾಗಿ ಬಯಸುವ ಈ ದೃಢತೆಯೇ ಇಲ್ಲಿ ಎಡವಟ್ಟು ಮಾಡುತ್ತದೆ: ‘ಟರ್ಮ್’ ಇಡಿಯಾಗಿ ಪರಿವಿಡಿಯ ಕಡತವನ್ನು ಸೇರಿ, ಮುಂದಿನ ಓಟದಲ್ಲಿ ಅಲ್ಲಿ ಬಿಚ್ಚಿಕೊಂಡು, ಪರಿವಿಡಿ ಇರುವ ಪುಟದ ಸಂಖ್ಯೆಯನ್ನು ಪದಸೂಚಿಗೆ ಕಳಿಸುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಪರಿವಿಡಿ ಗ್ರಂಥದ ಆರಂಭದಲ್ಲಿರುವುದರಿಂದ ‘ಮೊದಲ ಬಾರಿ’ ಎಂಬ ಗುರುತೂ ಅಲ್ಲೇ ಖರ್ಚಾಗಿ, ಪದವನ್ನು ನಿಜವಾಗಿ ವಿವರಿಸುವ ಪುಟದಲ್ಲಿ ಓರೆ ಅಕ್ಷರವೇ ಕಾಣುವುದಿಲ್ಲ.

ಶೀರ್ಷಿಕೆಗಳಲ್ಲಿ ನಕ್ಷತ್ರದ ರೂಪವನ್ನೇ ಬಳಸಿ ಎಂದು ಲೇಖಕರಿಗೆ ಸೂಚಿಸುವುದು ಸುಲಭದ ಪರಿಹಾರ; ಆದರೆ ಅಂಥ ಸೂಚನೆಗಳು ಮೂರನೆಯ ಅಧ್ಯಾಯದ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಆದ್ದರಿಂದ ಪ್ಯಾಕೇಜ್‌ನೊಳಗೆ ಎರಡು ಸ್ವಿಚ್‌ಗಳನ್ನು ಇಟ್ಟೆ: ಪದಸೂಚಿಯ ನಮೂದಿಗೆ ಒಂದು, ಮೊದಲ ಬಾರಿಯ ಗುರುತಿಗೆ ಇನ್ನೊಂದು. ಪರಿವಿಡಿ, ಚಿತ್ರಪಟ್ಟಿ, ಪುಟದ ನೆತ್ತಿ ಇವುಗಳನ್ನು ಜೋಡಿಸುವಾಗ ಎರಡೂ ಆರಿರುತ್ತವೆ. ಶೀರ್ಷಿಕೆಯ ಜಾಗದಲ್ಲಿ ಪದಸೂಚಿಯ ನಮೂದು ನಡೆಯುತ್ತದೆ, ಮೊದಲ ಬಾರಿಯ ಗುರುತು ಮಾತ್ರ ಬೀಳುವುದಿಲ್ಲ. ಬುಕ್‌ಮಾರ್ಕ್‌ನಲ್ಲಿ ಬರಿಯ ಪಠ್ಯಕ್ಕಷ್ಟೇ ಅವಕಾಶವಿರುವುದರಿಂದ, ಅಲ್ಲಿಗೆಂದೇ ಪೂರ್ಣವಾಗಿ ಬಿಚ್ಚಿಕೊಳ್ಳಬಲ್ಲ ಇನ್ನೊಂದು ರೂಪವನ್ನು ‘ನ್ಯೂಎಕ್ಸ್‌ಪ್ಯಾಂಡಬಲ್‌ಡಾಕ್ಯುಮೆಂಟ್‌ಕಮಾಂಡ್’ ಬಳಸಿ ಬರೆದು, ಪಿಡಿಎಫ್ ಕೊಂಡಿಗಳನ್ನು ಒದಗಿಸುವ ಹೈಪರ್‌ರೆಫ್ ಪ್ಯಾಕೇಜ್ ಬುಕ್‌ಮಾರ್ಕ್ ಕಟ್ಟುವಾಗ ಅದನ್ನೇ ತೆಗೆದುಕೊಳ್ಳುವಂತೆ ಮಾಡಿದೆ. ಇಂಥ ರೂಪದಲ್ಲಿ ಕೊನೆಯ ಆರ್ಗ್ಯುಮೆಂಟ್ ಕಡ್ಡಾಯವಾದದ್ದೇ ಆಗಿರಬೇಕೆಂಬ ನಿಬಂಧನೆಯಿದೆ. ನಮ್ಮದು ‘ಎಮ್’ನಿಂದಲೇ ಮುಗಿಯುವುದರಿಂದ ಅಡ್ಡಿಯಾಗಲಿಲ್ಲ.

ಚೌಕಟ್ಟಿನ ಟಿಪ್ಪಣಿಗಳಿಗೆ ಬೇರೆ ದಾರಿ ಹಿಡಿದೆ. ಶೀರ್ಷಿಕೆ, ಅಗಲ, ಬಣ್ಣ, ಸಂಖ್ಯೆ ಬೇಕೋ ಬೇಡವೋ ಹೀಗೆ ಆಯ್ಕೆಗಳು ಎರಡನ್ನು ಮೀರಿದರೆ ಆವರಣಗಳ ಸರದಿ ಯಾರಿಗೂ ನೆನಪಿರುವುದಿಲ್ಲವಾದ್ದರಿಂದ, ಹೆಸರು ಮತ್ತು ಮೌಲ್ಯದ ಜೋಡಿಗಳನ್ನು ಯಾವ ಕ್ರಮದಲ್ಲಾದರೂ ಬರೆಯಲು ಅನುವು ಮಾಡಿಕೊಟ್ಟೆ. 2022ರಿಂದ ತಿರುಳಿನಲ್ಲೇ ಇರುವ ‘ಡಿಕ್ಲೇರ್‌ಕೀಸ್’ ಆಜ್ಞೆ ಪ್ಯಾಕೇಜ್‌ಗಳ ಆಯ್ಕೆಗಳಿಗೆಂದು ಬಂದದ್ದಾದರೂ, ‘ಸೆಟ್‌ಕೀಸ್’ ಜೊತೆಯಲ್ಲಿ ಈ ಕೆಲಸಕ್ಕೂ ಒದಗುತ್ತದೆ.

ಹೆಸರುಗಳ ವಿಷಯದಲ್ಲಿ ನಾನು ತುಸು ಬಿಗಿ. ಟೆಕ್‌ನ ‘ಡೆಫ್’ ಈಗಾಗಲೇ ಇರುವ ಆಜ್ಞೆಯ ಮೇಲೆ ಸದ್ದಿಲ್ಲದೆ ಬರೆದುಬಿಡುವುದರಿಂದ, ಲೇಖಕರಿಗೆ ಕಾಣುವ ಆಜ್ಞೆಗಳ ರಚನೆಯಲ್ಲಿ ಅದನ್ನು ಬಳಸುವುದಿಲ್ಲ. ‘ನ್ಯೂ’ ಎಂದು ಆರಂಭವಾಗುವ ಆಜ್ಞೆಗಳಾದರೆ ಆ ಹೆಸರು ಬಳಕೆಯಲ್ಲಿದೆ ಎಂದು ಅಲ್ಲಿಯೇ ತಡೆಯುತ್ತವೆ. ಯಾವುದಾದರೂ ಆಜ್ಞೆಯ ಹೆಸರನ್ನು ಬದಲಿಸಿದಾಗ ಹಳೆಯದನ್ನು ಅಳಿಸುವುದಿಲ್ಲ. ಅದು ಹೊಸದನ್ನೇ ಕರೆಯುತ್ತದೆ, ಜೊತೆಗೆ ಲಾಗ್ ಕಡತದಲ್ಲಿ ಹೊಸ ಹೆಸರನ್ನು ತಿಳಿಸುವ ಎಚ್ಚರಿಕೆಯೊಂದನ್ನು ಬರೆಯುತ್ತದೆ. ಹಾಗಾಗಿ ಹಿಂದಿನ ಆವೃತ್ತಿಗೆ ಬರೆದ ಹಸ್ತಪ್ರತಿ ಇಂದಿಗೂ ತಿದ್ದುಪಡಿಯಿಲ್ಲದೆ ಜೋಡಣೆಯಾಗುತ್ತದೆ.